ಸಂಕಲ್ಪಕ್ಕೊಂದು ವೇಳಾಪಟ್ಟಿ

ಜನವರಿ ಬಂತೆಂದರೆ ಹೊಸ ಕ್ಯಾಲೆಂಡರಿನ ಜೊತೆಗೆ ಒಂದೆರಡು ಹೊಸ ಡೈರಿಗಳೂ ಮನೆಗೆ ಬರುತ್ತವೆ. ಬ್ಯಾಂಕಿನವರು ಕೊಟ್ಟದ್ದು, ಎಲ್‌ಐಸಿ ಏಜೆಂಟರು ಕೊಟ್ಟದ್ದು, ಔಷಧಿ ಅಂಗಡಿಯವರು ಕೊಟ್ಟದ್ದು. ಅವುಗಳಲ್ಲಿ ಒಂದು ಮಕ್ಕಳ ಪಾಲಿಗೆ ಸಿಗುತ್ತದೆ. ಅದರ ಮೊದಲ ಪುಟದಲ್ಲಿ ದುಂಡು ಅಕ್ಷರಗಳಲ್ಲಿ ಸಂಕಲ್ಪಗಳು ಮೂಡುತ್ತವೆ: ದಿನವೂ ಬೆಳಿಗ್ಗೆ 5 ಗಂಟೆಗೆ ಏಳುತ್ತೇನೆ, ಮೊಬೈಲ್ ಮುಟ್ಟುವುದಿಲ್ಲ, ಗಣಿತದಲ್ಲಿ ನೂರಕ್ಕೆ ನೂರು ತೆಗೆಯುತ್ತೇನೆ, ಇಂಗ್ಲಿಷ್ ಚೆನ್ನಾಗಿ ಕಲಿಯುತ್ತೇನೆ. ಸಂಕ್ರಾಂತಿಯ ಎಳ್ಳು ಬೆಲ್ಲ ಮುಗಿಯುವ ಹೊತ್ತಿಗೆ ಬರವಣಿಗೆ ನಿಂತಿರುತ್ತದೆ. ಮಾರ್ಚ್ ತಿಂಗಳ ಪುಟಗಳಲ್ಲಿ ಹಾಲಿನ ಲೆಕ್ಕ, ಇಸ್ತ್ರಿ ಬಟ್ಟೆಯ ಲೆಕ್ಕ ಬಂದು ಕೂತಿರುತ್ತದೆ.

ಹಿರಿಯರು ಇದನ್ನು ‘ಆರಂಭಶೂರತ್ವ’ ಎಂದು ನಕ್ಕು ಸುಮ್ಮನಾಗುತ್ತಾರೆ. ಹುಡುಗನಿಗೆ ಛಲವಿಲ್ಲ, ಹುಡುಗಿಗೆ ಶ್ರದ್ಧೆಯಿಲ್ಲ ಎಂದು ತೀರ್ಮಾನಿಸಿಯೂ ಬಿಡುತ್ತಾರೆ. ಆದರೆ ಆ ಮೊದಲ ಪುಟವನ್ನು ಇನ್ನೊಮ್ಮೆ ಓದಿ ನೋಡಿ. ‘ಇಂಗ್ಲಿಷ್ ಚೆನ್ನಾಗಿ ಕಲಿಯುತ್ತೇನೆ’ ಎಂಬುದು ಒಳ್ಳೆಯ ಆಸೆ. ಆದರೆ ನಾಳೆ ಸಂಜೆ ಶಾಲೆಯಿಂದ ಬಂದ ಮೇಲೆ ಏನು ಮಾಡಬೇಕೆಂದು ಅದು ಹೇಳುವುದಿಲ್ಲ. ‘ನೂರಕ್ಕೆ ನೂರು’ ಎಂಬುದು ಫಲ. ಅದು ಬರುವುದು ವರ್ಷದ ಕೊನೆಗೆ. ಆಸೆಯನ್ನೂ ಬರೆದಿದ್ದಾಯಿತು, ಫಲವನ್ನೂ ಬರೆದಿದ್ದಾಯಿತು. ಎರಡರ ನಡುವೆ ಇರಬೇಕಾದ ಕೆಲಸ ಮಾತ್ರ ಡೈರಿಯಲ್ಲಿ ಎಲ್ಲಿಯೂ ಇಲ್ಲ. ಸಂಕಲ್ಪ ಮುರಿದುಬೀಳುವುದು ಈ ಜಾಗದಲ್ಲಿ.

ಗುರಿಯನ್ನು ಇಟ್ಟುಕೊಳ್ಳುವುದು ಹೇಗೆ ಎಂಬುದಕ್ಕೆ ಒಬ್ಬ ವಿದ್ಯಾರ್ಥಿಯ ಕಥೆ ಹೇಳುತ್ತೇನೆ. ಈತ 1888ರಲ್ಲಿ ಬ್ಯಾರಿಸ್ಟರ್ ಆಗಲೆಂದು ಲಂಡನ್ನಿಗೆ ಹೋದವನು. ವಯಸ್ಸು ಹತ್ತೊಂಬತ್ತು ತುಂಬುವುದರಲ್ಲಿತ್ತು. ಹೆಸರು ಮೋಹನದಾಸ ಕರಮಚಂದ ಗಾಂಧಿ.

ಲಂಡನ್ನಿನಲ್ಲಿ ಈ ತರುಣ ಇಟ್ಟುಕೊಂಡ ಮೊದಲ ಗುರಿಗಳಲ್ಲಿ ಒಂದು ‘ಇಂಗ್ಲಿಷ್ ಸಭ್ಯ ಗೃಹಸ್ಥ’ನಾಗುವುದು. ಅದಕ್ಕಾಗಿ ಒಳ್ಳೆಯ ಸೂಟು ಹೊಲಿಸಿದ್ದಾಯಿತು, ಎತ್ತರದ ಟೋಪಿ ಕೊಂಡದ್ದಾಯಿತು. ನೃತ್ಯದ ತರಗತಿಗೆ ಮೂರು ಪೌಂಡ್ ಶುಲ್ಕ ಕಟ್ಟಿದ್ದಾಯಿತು. ತಾಳ ಹಿಡಿಯಲು ಬರುವುದಿಲ್ಲವೆಂದು ಕಂಡಾಗ, ಕಿವಿಗೆ ಸಂಗೀತದ ಅಭ್ಯಾಸವಾಗಲಿ ಎಂದು ಇನ್ನೂ ಮೂರು ಪೌಂಡ್ ಕೊಟ್ಟು ಪಿಟೀಲು ತಂದದ್ದೂ ಆಯಿತು. ಭಾಷಣ ಕಲೆಗೆ ಬೇರೆ ಗುರುಗಳು. ಈ ಹುಚ್ಚು ಸುಮಾರು ಮೂರು ತಿಂಗಳು ಇತ್ತು. ಆಮೇಲೆ ತಾನೇನು ಜೀವನಪೂರ್ತಿ ಇಂಗ್ಲೆಂಡಿನಲ್ಲಿ ಇರುವವನೆ, ಬಂದದ್ದು ಓದಲಿಕ್ಕಲ್ಲವೆ ಎಂದು ಗಾಂಧಿ ತಮ್ಮನ್ನೇ ಕೇಳಿಕೊಂಡರು. ಪಿಟೀಲು ಮಾರಾಟಕ್ಕೆ ಹೋಯಿತು.

ಎರಡನೆಯ ಗುರಿ ಅವರದೇ ಆಗಿತ್ತು. ಬ್ಯಾರಿಸ್ಟರ್ ಪರೀಕ್ಷೆಗೆ ಹೆಚ್ಚು ಓದಬೇಕಾಗಿರಲಿಲ್ಲ. ಜೊತೆಗೆ ಸಾಮಾನ್ಯ ಜ್ಞಾನವೂ ಬೆಳೆಯಬೇಕೆಂದು ಅವರು ಲಂಡನ್ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಕೂರಲು ನಿರ್ಧರಿಸಿದರು. ಈ ಪರೀಕ್ಷೆ ನಡೆಯುತ್ತಿದ್ದುದು ಆರು ತಿಂಗಳಿಗೊಮ್ಮೆ. ಕೈಯಲ್ಲಿದ್ದುದು ಐದು ತಿಂಗಳು. ಲ್ಯಾಟಿನ್ ಕಡ್ಡಾಯ, ಅದರ ಜೊತೆಗೆ ಫ್ರೆಂಚ್, ವಿಜ್ಞಾನ. ನಿಮಿಷ ನಿಮಿಷಕ್ಕೂ ವೇಳಾಪಟ್ಟಿ ಹಾಕಿಕೊಂಡು ಓದಿದರು. ಫಲಿತಾಂಶ ಬಂದಾಗ ಲ್ಯಾಟಿನ್‌ನಲ್ಲಿ ನಪಾಸು.

ಈ ಕಥೆಯಲ್ಲಿ ನಮಗೆ ಬೇಕಾದ ಭಾಗ ಇಲ್ಲಿಂದ ಮುಂದಿನದು. ಅವರು ಬೇಸರಪಟ್ಟರು, ಆದರೆ ಧೈರ್ಯ ಬಿಡಲಿಲ್ಲ. ‘ಮುಂದಿನ ಸಲ ಇನ್ನೂ ಕಷ್ಟಪಟ್ಟು ಓದುತ್ತೇನೆ’ ಎಂಬ ಹಳೆಯ ಪ್ರತಿಜ್ಞೆಯಲ್ಲೂ ನಿಲ್ಲಲಿಲ್ಲ. ಎಲ್ಲಿ ಎಡವಿದೆ ಎಂದು ಹುಡುಕಿದರು. ವಿಜ್ಞಾನದಲ್ಲಿ ರಸಾಯನಶಾಸ್ತ್ರ ತೆಗೆದುಕೊಂಡಿದ್ದರು. ಪ್ರಯೋಗಗಳಿಲ್ಲದೆ ಅದು ರುಚಿಸಿರಲಿಲ್ಲ. ಅದನ್ನು ಬಿಟ್ಟು ‘ಶಾಖ ಮತ್ತು ಬೆಳಕು’ ವಿಷಯವನ್ನು ಆರಿಸಿಕೊಂಡರು. ಎರಡು ಕೋಣೆಗಳ ಬಿಡಾರ ಬಿಟ್ಟು ಒಂದೇ ಕೋಣೆಗೆ ಬಂದರು. ಒಂದು ಸ್ಟೌ ತಂದು ಬೆಳಗಿನ ಓಟ್ಸ್ ಗಂಜಿಯನ್ನು ತಾವೇ ಬೇಯಿಸಿಕೊಳ್ಳತೊಡಗಿದರು. ಅದಕ್ಕೆ ಇಪ್ಪತ್ತು ನಿಮಿಷ ಸಾಕಾಗುತ್ತಿತ್ತು. ಹಣವೂ ಉಳಿಯಿತು, ಸಮಯವೂ ಉಳಿಯಿತು. 1890ರ ಜೂನ್ ಪರೀಕ್ಷೆಯಲ್ಲಿ ಪಾಸಾದರು.

ವಿದ್ಯಾರ್ಥಿ ಮಿತ್ರರೇ, ಇದರಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಹೊಸ ಕೆಲಸಕ್ಕೆ ಬೇಕಾದ ಸಮಯ ಆಕಾಶದಿಂದ ಉದುರುವುದಿಲ್ಲ. ದಿನಕ್ಕಿರುವುದು 24 ಗಂಟೆ. ಅದರಲ್ಲಿ ಶಾಲೆ, ನಿದ್ದೆ, ಊಟ, ಓಡಾಟ, ಆಟ, ಹರಟೆ ಎಲ್ಲವೂ ಈಗಾಗಲೇ ತುಂಬಿಕೊಂಡಿವೆ. ಹೊಸದೊಂದು ಒಳಗೆ ಬರಬೇಕಾದರೆ ಹಳೆಯದೊಂದು ಸ್ವಲ್ಪ ಸರಿದು ಜಾಗ ಕೊಡಬೇಕು. ಆದ್ದರಿಂದ ಪ್ರತಿ ಗುರಿಯ ಪಕ್ಕದಲ್ಲಿ ‘ಇದಕ್ಕಾಗಿ ನಾನು ಬಿಡುವುದು ಏನನ್ನು?’ ಎಂದೂ ಬರೆಯಿರಿ. ರಾತ್ರಿ ಊಟದ ನಂತರ ಮೊಬೈಲಿನಲ್ಲಿ ವಿಡಿಯೋ ನೋಡುವ ಅರ್ಧ ಗಂಟೆ ಎಂದು ಬರೆದರೆ, ಆ ಅರ್ಧ ಗಂಟೆ ನಿಮಗೆ ಸಿಕ್ಕಿತು. ದಿನಕ್ಕೆ ಅರ್ಧ ಗಂಟೆ ಅಂದರೆ ವರ್ಷಕ್ಕೆ 182 ಗಂಟೆಗಳಿಗೂ ಹೆಚ್ಚು. ಹನಿ ಹನಿ ಗೂಡಿದರೆ ಹಳ್ಳ ಎಂಬ ಗಾದೆಯನ್ನು ಪ್ರಬಂಧದಲ್ಲಿ ಎಷ್ಟೋ ಸಲ ಬರೆದಿದ್ದೀರಿ. ಲೆಕ್ಕದಲ್ಲಿಯೂ ಒಮ್ಮೆ ಮಾಡಿ ನೋಡಿ.

ಇನ್ನು ಒಂದೇ ಸಲ ಹತ್ತು ಗುರಿಗಳನ್ನು ಹೊತ್ತುಕೊಳ್ಳುವವರ ಪಾಡು. ಅವರಿಗಾಗಿ ಇನ್ನೊಬ್ಬರ ಉದಾಹರಣೆ ಇದೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ (1706-1790) ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತ ಮೇಲೆ ಬಂದವನು. ಮಿಂಚಿನ ಬಗ್ಗೆ ಪ್ರಯೋಗ ನಡೆಸಿದ ವಿಜ್ಞಾನಿಯೂ ಹೌದು, ದೇಶದ ಮುತ್ಸದ್ದಿಯೂ ಹೌದು. ತರುಣನಾಗಿದ್ದಾಗ ಈತ ಎಲ್ಲ ದೋಷಗಳನ್ನೂ ನೀಗಿಕೊಳ್ಳಬೇಕೆಂದು ಹೊರಟ. ಒಂದು ದೋಷವನ್ನು ಕಾಯುತ್ತಿರುವಾಗ ಇನ್ನೊಂದು ಹಿಂದಿನ ಬಾಗಿಲಿನಿಂದ ಒಳಗೆ ಬರುತ್ತಿತ್ತು. ಆಗ ಒಂದು ಉಪಾಯ ಹೂಡಿದ. ಮಿತಾಹಾರ, ಮಿತಭಾಷೆ, ಅಚ್ಚುಕಟ್ಟುತನ, ಮಿತವ್ಯಯ ಮುಂತಾಗಿ ಹನ್ನೆರಡು ಗುಣಗಳ ಪಟ್ಟಿ ಮಾಡಿದ. ನಿನಗೆ ಜಂಬ ಹೆಚ್ಚು ಎಂದು ಸ್ನೇಹಿತನೊಬ್ಬ ಹೇಳಿದ್ದರಿಂದ ‘ವಿನಯ’ವನ್ನು ಹದಿಮೂರನೆಯದಾಗಿ ಸೇರಿಸಿಕೊಂಡ. ಪುಟ್ಟ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಗೆರೆ ಎಳೆದು, ವಾರದ ಏಳು ದಿನಗಳಿಗೆ ಏಳು ಕಂಬ, ಗುಣಗಳಿಗೆ ಹದಿಮೂರು ಸಾಲು ಮಾಡಿದ. ಪ್ರತಿ ರಾತ್ರಿ ಆ ದಿನ ತಪ್ಪಿದ ಕಡೆ ಒಂದು ಕಪ್ಪು ಚುಕ್ಕೆ.

ಆದರೆ ವಾರಕ್ಕೆ ಒಂದೇ ಗುಣದ ಮೇಲೆ ವಿಶೇಷ ಗಮನ. ಮೊದಲ ವಾರ ಮಿತಾಹಾರದ ಸಾಲು ಚುಕ್ಕೆಯಿಲ್ಲದೆ ಉಳಿದರೆ ಸಾಕು; ಉಳಿದವು ಎಂದಿನಂತೆ ನಡೆಯಲಿ. ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಇಡೀ ತೋಟದ ಕಳೆಯನ್ನು ಒಂದೇ ದಿನ ಕೀಳಲು ಹೋಗದೆ ಪಾತಿಯಿಂದ ಪಾತಿಗೆ ಸಾಗುವ ತೋಟಗಾರನ ರೀತಿ ಇದು ಎಂಬುದು ಅವನದೇ ಹೋಲಿಕೆ. ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಪುಸ್ತಕದ ಹಾಳೆಗಳೇ ತೂತಾದವಂತೆ! ಅಚ್ಚುಕಟ್ಟುತನ ಮಾತ್ರ ಅವನಿಗೆ ಕೊನೆಯವರೆಗೂ ಒಲಿಯಲಿಲ್ಲ. ಪೂರ್ಣತೆಯನ್ನು ಮುಟ್ಟಲಿಲ್ಲವಾದರೂ, ಪ್ರಯತ್ನ ಮಾಡದಿದ್ದರೆ ಇರುತ್ತಿದ್ದುದಕ್ಕಿಂತ ಉತ್ತಮ ಮನುಷ್ಯನಾದೆ ಎಂದು ಮುಪ್ಪಿನಲ್ಲಿ ಬರೆದುಕೊಂಡ.

ನಿಮ್ಮ ಪಟ್ಟಿಯಲ್ಲಿ ಹದಿಮೂರು ಬೇಡ, ಮೂರು ಇರಲಿ. ಒಂದು ಓದಿಗೆ, ಒಂದು ದೇಹಕ್ಕೆ, ಒಂದು ಮನಸ್ಸಿಗೆ. ‘ಗಣಿತದಲ್ಲಿ ನೂರಕ್ಕೆ ನೂರು’ ಎನ್ನುವ ಬದಲು ‘ದಿನವೂ ಸಂಜೆ 7ರಿಂದ 7.30, ಪಠ್ಯಪುಸ್ತಕದ ಐದು ಲೆಕ್ಕ, ಉತ್ತರ ನೋಡದೆ’ ಎಂದು ಬರೆಯಿರಿ. ‘ಇಂಗ್ಲಿಷ್ ಕಲಿಯುತ್ತೇನೆ’ ಎನ್ನುವ ಬದಲು ‘ದಿನಕ್ಕೊಂದು ಸುದ್ದಿಯನ್ನು ಗಟ್ಟಿಯಾಗಿ ಓದಿ, ಮೂರು ಹೊಸ ಪದಗಳನ್ನು ನೋಟ್‌ಬುಕ್ಕಿಗೆ ಇಳಿಸುತ್ತೇನೆ’ ಎಂದಿರಲಿ. ಇವು ಮಾಡಿದ್ದೇವೋ ಇಲ್ಲವೋ ಎಂಬುದು ರಾತ್ರಿ ಮಲಗುವ ಮುನ್ನ ನಿಮಗೇ ಗೊತ್ತಾಗುತ್ತದೆ. ಮಾಡಿದ ದಿನ ಕ್ಯಾಲೆಂಡರಿನ ಚೌಕದಲ್ಲಿ ಒಂದು ಗುರುತು ಹಾಕಿ. ಒಂದು ದಿನ ತಪ್ಪಿತೆಂದರೆ ಸಂಕಲ್ಪ ಮುರಿಯಿತೆಂದು ಕೈಚೆಲ್ಲಬೇಡಿ. ಮರುದಿನದ ಚೌಕ ಖಾಲಿಯಾಗಿ ಕಾಯುತ್ತಿರುತ್ತದೆ.

ಫಲವನ್ನು ಗುರಿಯ ಜಾಗದಲ್ಲಿ ಕೂರಿಸಬಾರದು ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಎಂಜಿನಿಯರಿಂಗ್ ಪ್ರವೇಶದ ಸಿಇಟಿ ರ್‍ಯಾಂಕ್ ಅನ್ನೇ ತೆಗೆದುಕೊಳ್ಳಿ. ಸಿಇಟಿಯ ಅಂಕಗಳಿಗೂ ದ್ವಿತೀಯ ಪಿಯುಸಿಯ ವಿಜ್ಞಾನ ವಿಷಯಗಳ ಅಂಕಗಳಿಗೂ ಅರ್ಧರ್ಧ ಪ್ರಾಮುಖ್ಯ ಕೊಟ್ಟು ಅದನ್ನು ನಿರ್ಧರಿಸುತ್ತಾರೆ. ನೀವು ಎಷ್ಟೇ ಚೆನ್ನಾಗಿ ಬರೆದರೂ, ಉಳಿದವರು ಹೇಗೆ ಬರೆದರು ಎಂಬುದರ ಮೇಲೆ ನಿಮ್ಮ ರ್‍ಯಾಂಕ್ ಮೇಲೆ ಕೆಳಗೆ ಆಗುತ್ತದೆ. ನಿಮ್ಮ ಅಭ್ಯಾಸ ನಿಮ್ಮ ಕೈಯಲ್ಲಿದೆ. ಲಕ್ಷಾಂತರ ಮಂದಿಯ ಉತ್ತರಪತ್ರಿಕೆ ನಿಮ್ಮ ಕೈಯಲ್ಲಿಲ್ಲ. ಕೈಯಲ್ಲಿ ಇಲ್ಲದ್ದನ್ನು ಗುರಿಯಾಗಿ ಇಟ್ಟುಕೊಂಡವರಿಗೆ ಓದಿಗಿಂತ ಆತಂಕವೇ ಹೆಚ್ಚಾಗುತ್ತದೆ.

ವರ್ಷ ಎಂದರೆ ಯಾವ ವರ್ಷ ಎಂಬುದನ್ನೂ ಯೋಚಿಸಿ. ಎಂಟನೆಯ ಅಥವಾ ಒಂಬತ್ತನೆಯ ತರಗತಿಯವರಿಗೆ ಜನವರಿಯಿಂದ ಡಿಸೆಂಬರ್‌ವರೆಗೆ ಅರ್ಧ ಈ ತರಗತಿ, ಅರ್ಧ ಮುಂದಿನ ತರಗತಿ. ನಿಧಾನವಾಗಿ ಬೇರು ಬಿಡುವ ಗುರಿಗಳಿಗೆ, ಅಂದರೆ ಭಾಷೆ, ಅಕ್ಷರ, ಓದುವ ಹವ್ಯಾಸ, ಈಜು ಇಂಥವುಗಳಿಗೆ ಇದು ಒಳ್ಳೆಯ ಕಾಲ. ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಯವರಿಗೆ ಜನವರಿ ಆರಂಭವಲ್ಲ, ಓಟದ ಕೊನೆಯ ಸುತ್ತು. ಅವರು ವರ್ಷದ ಗುರಿಯನ್ನು ಪಕ್ಕಕ್ಕಿಟ್ಟು, ಉಳಿದ ವಾರಗಳನ್ನು ಎಣಿಸಿ, ಯಾವ ವಾರ ಯಾವ ಪಾಠದ ಪುನರಾವರ್ತನೆ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡರೆ ಸಾಕು. 5 ಗಂಟೆಗೆ ಏಳುವ ಹೊಸ ಅಭ್ಯಾಸವನ್ನು ಈಗ ಹಟದಿಂದ ತೊಡಗಿಸಿಕೊಂಡು ತರಗತಿಯಲ್ಲಿ ತೂಕಡಿಸುವುದು ಬೇಡ.

ಪಾಲಕರಿಗೆ ಎರಡು ಮಾತು. ಮೊದಲನೆಯದು, ಮಗುವಿನ ಗುರಿಯ ಹಾಳೆಯನ್ನು ನೀವು ಬರೆದುಕೊಡಬೇಡಿ. ಸಹಿ ಮಾತ್ರ ಮಗುವಿನದು, ಬರಹವೆಲ್ಲ ಅಪ್ಪನದು ಎಂಬಂತಾದರೆ ಅದು ಮೂರು ತಿಂಗಳಲ್ಲಿ ಮೂಲೆ ಸೇರಿದ ಪಿಟೀಲಿನ ಹಾಗೆ. ಮನೆಯ ಮರ್ಯಾದೆ ತನ್ನ ಅಂಕಪಟ್ಟಿಯ ಮೇಲೆ ನಿಂತಿದೆ ಎಂದು ತಿಳಿದ ಮಗು ಅಂಕಪಟ್ಟಿಯನ್ನು ಬಚ್ಚಿಡಲು ಕಲಿಯುತ್ತದೆ. ಅಪ್ಪನ ಸಹಿಯನ್ನು ತಾನೇ ಹಾಕಲು ಕಲಿಯುತ್ತದೆ. ಇನ್ನೂ ಕೆಟ್ಟದ್ದೆಂದರೆ, ಫಲಿತಾಂಶದ ದಿನ ಮನೆಗೆ ಬರಲು ಹೆದರುತ್ತದೆ. ಪ್ರತಿ ವರ್ಷ ಫಲಿತಾಂಶದ ಮರುದಿನದ ಪತ್ರಿಕೆ ತೆರೆಯುವಾಗ ನಮ್ಮ ಎದೆ ಹೊಡೆದುಕೊಳ್ಳುವುದು ಇದಕ್ಕೇ ಅಲ್ಲವೆ?

ಆದ್ದರಿಂದ ಪರೀಕ್ಷೆಗೆ ಮೊದಲೇ, ಮನಸ್ಸು ತಿಳಿಯಾಗಿರುವ ಒಂದು ಸಂಜೆ ಮಗುವಿಗೆ ಹೇಳಿಬಿಡಿ: ‘ಎಷ್ಟೇ ಬರಲಿ, ಅಂಕಪಟ್ಟಿ ನೇರವಾಗಿ ಮನೆಗೆ ತಾ. ಕಡಿಮೆ ಬಂದರೆ ಕೂತು ಇನ್ನೊಂದು ದಾರಿ ಹುಡುಕೋಣ.’ ಇದು ಬರಿಯ ಸಮಾಧಾನದ ಮಾತಲ್ಲ. ನಮ್ಮ ರಾಜ್ಯದಲ್ಲಿ 2024ರಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಮೂರು ಸಲ ಪರೀಕ್ಷೆ ಬರೆಯುವ ಅವಕಾಶ ಕೊಟ್ಟು, ಹೆಚ್ಚು ಬಂದ ಅಂಕಗಳನ್ನೇ ಉಳಿಸಿಕೊಳ್ಳಲು ಬಿಟ್ಟರು. ಮೊದಲ ಪರೀಕ್ಷೆಯೇ ಕೊನೆಯ ಪರೀಕ್ಷೆ ಅಲ್ಲ ಎಂಬುದನ್ನು ಪರೀಕ್ಷಾ ಮಂಡಳಿಯೇ ಒಪ್ಪಿಕೊಂಡ ಮೇಲೆ ಮನೆಯವರು ಒಪ್ಪಲು ಹಿಂಜರಿಯಬೇಕೇಕೆ?

ಎರಡನೆಯ ಮಾತು, ನಿಮಗೂ ಒಂದು ಗುರಿ ಇರಲಿ. ಸರ್ಕಾರಿ ನೌಕರರಾಗಿದ್ದರೆ ವರ್ಷಗಳಿಂದ ಮುಂದೂಡುತ್ತ ಬಂದ ಇಲಾಖಾ ಪರೀಕ್ಷೆ ಇರಬಹುದು. ‘ಅಕೌಂಟ್ಸ್ ಹೈಯರ್’ ಪುಸ್ತಕ ಬೀರುವಿನಲ್ಲಿ ಧೂಳು ತಿನ್ನುತ್ತಿರಬಹುದು. ಮದುವೆಯಾಗಿ ಅರ್ಧಕ್ಕೆ ನಿಂತ ಪದವಿಯನ್ನು ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದ ಮೂಲಕ ಮುಗಿಸುವ ಆಸೆ ಅಮ್ಮನಿಗೆ ಇರಬಹುದು. ಅಂಗಡಿ ನಡೆಸುವವರಿಗೆ ದಿನದ ಲೆಕ್ಕವನ್ನು ದಿನವೇ ಬರೆದಿಡುವುದೇ ದೊಡ್ಡ ಗುರಿ. ಲಂಡನ್ನಿನ ಆ ವಿದ್ಯಾರ್ಥಿ ಬಸ್ಸಿನ ಚಾರ್ಜು, ಅಂಚೆಯ ಖರ್ಚುಗಳನ್ನೂ ಬರೆದಿಟ್ಟು ಪ್ರತಿ ರಾತ್ರಿ ಮಲಗುವ ಮುನ್ನ ಲೆಕ್ಕ ತಾಳೆ ನೋಡುತ್ತಿದ್ದ. ಮುಂದೆ ಸಾರ್ವಜನಿಕ ಹಣವನ್ನು ನಿರ್ವಹಿಸುವಾಗ ಆ ಅಭ್ಯಾಸವೇ ಕೈಹಿಡಿಯಿತು. ಸಂಜೆ 7 ಗಂಟೆಗೆ ಅಪ್ಪನೋ ಅಮ್ಮನೋ ಪುಸ್ತಕ ಹಿಡಿದು ಕೂತ ಮನೆಯಲ್ಲಿ ‘ಓದು, ಓದು’ ಎಂದು ಕೂಗುವ ಅಗತ್ಯವೇ ಬೀಳುವುದಿಲ್ಲ.

ಈ ಭಾನುವಾರ ಮಧ್ಯಾಹ್ನದ ಊಟವಾದ ಮೇಲೆ ಮನೆಮಂದಿಯೆಲ್ಲ ಒಂದೊಂದು ಹಾಳೆ ತೆಗೆದುಕೊಳ್ಳಿ. ತಲೆಗೆ ಮೂರೇ ಗುರಿ. ಪ್ರತಿಯೊಂದರ ಎದುರಿಗೆ ನಾಲ್ಕು ಉತ್ತರ: ಯಾವ ಕೆಲಸ, ಎಷ್ಟು ಹೊತ್ತಿಗೆ, ಎಷ್ಟು ಹೊತ್ತು, ಅದಕ್ಕಾಗಿ ಏನನ್ನು ಬಿಡುತ್ತೇನೆ. ಹಾಳೆಗಳನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿ. ತಿಂಗಳ ಕೊನೆಯ ಭಾನುವಾರ ಮತ್ತೆ ನೋಡಿ, ನಡೆಯದ್ದನ್ನು ತಿದ್ದಿ, ಭಾರವಾದದ್ದನ್ನು ಹಗುರ ಮಾಡಿಕೊಳ್ಳಿ. ಮಕ್ಕಳು ಅಪ್ಪನ ಹಾಳೆಯಲ್ಲಿ ತಪ್ಪು ಹುಡುಕಿದರೆ ಗದರಬೇಡಿ. ಅವರಿಗೆ ಆ ಹಕ್ಕಿದೆ.

ಎಲ್ಲರಿಗೂ ಹೊಸ ವರ್ಷದ ಶುಭಾಶಯಗಳು.