ಹದಿನೇಳರ ಹುಡುಗನಿಗೆ ಒಂದೇ ರಾತ್ರಿಯಲ್ಲಿ ಮಾರ್ಕು



2009ರ ಜೂನ್ 9. ಅಮೆರಿಕದ ನ್ಯೂಜೆರ್ಸಿಯ ಸಿಕಾಕಸ್ ಎಂಬ ಊರಿನ ಒಂದು ಟಿವಿ ಸ್ಟುಡಿಯೋದಲ್ಲಿ ಮೇಜರ್ ಲೀಗ್ ಬೇಸ್‌ಬಾಲ್‌ನ ಡ್ರಾಫ್ಟ್ ನಡೆಯುತ್ತಿತ್ತು. ಹೈಸ್ಕೂಲ್ ಮುಗಿಸಿದ ಹುಡುಗರು, ಕಾಲೇಜಿನಲ್ಲಿ ಆಡುವವರು, ಇವರಲ್ಲಿ ಯಾರು ಯಾವ ತಂಡಕ್ಕೆ ಎಂದು ತೀರ್ಮಾನವಾಗುವ ದಿನ ಅದು. ಆ ವರ್ಷ ಸ್ಟುಡಿಯೋಕ್ಕೆ ಖುದ್ದಾಗಿ ಬಂದು ಕುಳಿತಿದ್ದ ಆಟಗಾರ ಒಬ್ಬನೇ. ಅದೇ ರಾಜ್ಯದ ಮಿಲ್‌ವಿಲ್ ಊರಿನ ಮೈಕ್ ಟ್ರೌಟ್, ವಯಸ್ಸು 17.

ಒಂದೊಂದಾಗಿ ಹೆಸರು ಕರೆಯುತ್ತಾ ಹೋದರು. ಹತ್ತು ಆಯಿತು, ಇಪ್ಪತ್ತು ಆಯಿತು. 24ನೆಯ ಸರದಿ ಏಂಜಲ್ಸ್ ತಂಡದ್ದು. ಅವರು ರಾಂಡಲ್ ಗ್ರಿಚಕ್ ಎಂಬ ಬೇರೆ ಹುಡುಗನನ್ನು ಕರೆದರು. 25ನೆಯ ಸರದಿಯೂ ಏಂಜಲ್ಸ್‌ನದ್ದೇ. ಆಗ ಬಂತು ಟ್ರೌಟ್‌ನ ಹೆಸರು. ಮುಂದೆ ಇದೇ ಟ್ರೌಟ್ 2014, 2016, 2019ರಲ್ಲಿ, ಹೀಗೆ ಮೂರು ಸಲ ತನ್ನ ಲೀಗಿನ ಅತ್ಯಂತ ಮೌಲ್ಯಯುತ ಆಟಗಾರ ಪ್ರಶಸ್ತಿ ಗೆದ್ದ.

ಈ ಕಥೆಯನ್ನು ಕ್ರೀಡಾಭಿಮಾನಿಗಳು "ನೋಡಿ, 24 ಸಲ ಬಿಟ್ಟುಬಿಟ್ಟರು, ಎಂಥ ದಡ್ಡರು" ಎಂದು ನಗುತ್ತಾ ಹೇಳುತ್ತಾರೆ. ನನಗೆ ಮಾತ್ರ ಬೇರೆಯೇ ಒಂದು ಯೋಚನೆ ಬರುತ್ತದೆ. ಆ ಹೊತ್ತಿನಲ್ಲಿ ಆ ಕುರ್ಚಿಯಲ್ಲಿ ಕುಳಿತಿದ್ದ ಹುಡುಗನ ಕೈಯಲ್ಲಿ ಏನಿತ್ತು? ಏನೂ ಇರಲಿಲ್ಲ. ತನ್ನನ್ನು ಯಾರು ಕರೆಯಬೇಕು, ಎಷ್ಟನೆಯವನಾಗಿ ಕರೆಯಬೇಕು ಎನ್ನುವುದು ಅವನ ತೀರ್ಮಾನವಲ್ಲ. ಆದರೂ ಡ್ರಾಫ್ಟ್ ಮುಗಿದ ರಾತ್ರಿ ಅಭಿಮಾನಿಗಳ ಬಾಯಿಗೆ ಮೊದಲು ಸಿಗುವುದು ಆ ಹುಡುಗನೇ. ಈ ಸಲ ನಾನು ಬರೆಯಬೇಕೆಂದದ್ದು ಇದರ ಬಗ್ಗೆ.

ಮೊದಲು ಡ್ರಾಫ್ಟ್ ಯಾಕೆ ಬಂತು ಅಂತ ಸ್ವಲ್ಪ ನೋಡೋಣ. 1965ಕ್ಕಿಂತ ಮೊದಲು ದುಡ್ಡಿರುವ ತಂಡಗಳು ಒಳ್ಳೆಯ ಹುಡುಗರನ್ನೆಲ್ಲ ಹೆಚ್ಚು ಹಣ ಕೊಟ್ಟು ಒಯ್ಯಬಹುದಿತ್ತು. ಆ ವರ್ಷದ ಜೂನ್‌ನಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಮೊಟ್ಟಮೊದಲು ಆಯ್ಕೆಯಾದವನು ರಿಕ್ ಮಂಡೆ. ನಿಯಮ ಸರಳ: ಹಿಂದಿನ ವರ್ಷ ಹೆಚ್ಚು ಸೋತವರಿಗೆ ಮೊದಲ ಸರದಿ. ಬೇಕೆಂದೇ ಸೋಲುವ ಚಾಳಿಗೆ ಕಡಿವಾಣ ಹಾಕಲು 2023ರ ಡ್ರಾಫ್ಟ್‌ನಿಂದ ಮೊದಲ ಆರು ಸರದಿಗಳಿಗೆ ಲಾಟರಿ ತಂದಿದ್ದಾರೆ. ಒಂದು ತಂಡ ಒಬ್ಬ ಹುಡುಗನನ್ನು ಆರಿಸಿದರೆ, ಅವನು ಆ ವರ್ಷ ಆ ತಂಡದ ಜೊತೆ ಮಾತ್ರ ಒಪ್ಪಂದದ ಮಾತುಕತೆ ಮಾಡಬಹುದು. ಒಪ್ಪದಿದ್ದರೆ ಕಾಲೇಜಿಗೆ ಹೋಗಿ ಮುಂದೊಂದು ವರ್ಷ ಮತ್ತೆ ಕಾಯಬೇಕು.

ಹಾಗಾಗಿ ವರ್ಷವಿಡೀ ಸೋತ ತಂಡದ ಅಭಿಮಾನಿಗೆ ಡ್ರಾಫ್ಟ್ ಅಂದರೆ ಮುಂದಿನ ಬೆಳೆಗೆ ಬೀಜ ತಂದ ಹಾಗೆ. ಸ್ಟೇಡಿಯಂನಲ್ಲಿ ಸಂತೋಷ ಸಿಕ್ಕಿಲ್ಲ, ಕನಿಷ್ಠ ಈ ದಿನವಾದರೂ ಸಿಗಲಿ ಎಂಬ ಆಸೆ. ತಿಂಗಳುಗಟ್ಟಲೆ ಹುಡುಗರ ವಿಡಿಯೋ ನೋಡಿ, ತಜ್ಞರ ಪಟ್ಟಿ ಓದಿ, ತನ್ನದೇ ಒಂದು ಪಟ್ಟಿ ಮಾಡಿಕೊಂಡಿರುತ್ತಾನೆ. ಆಮೇಲೆ ತಂಡ ತನ್ನ ಪಟ್ಟಿಯಲ್ಲಿಲ್ಲದ ಹೆಸರು ಕರೆದರೆ ಸಿಟ್ಟು ಬರುತ್ತದೆ. "ಇವನು ಯಾರು?", "30ನೆಯ ಸ್ಥಾನದಲ್ಲಿದ್ದವನನ್ನು 8ನೆಯ ಸರದಿಯಲ್ಲಿ ಯಾಕೆ ತೆಗೆದುಕೊಂಡರು?", "ಮತ್ತೊಬ್ಬ ಪಿಚರಾ? ಬ್ಯಾಟ್ ಹಿಡಿಯುವವರು ಯಾರೂ ಸಿಗಲಿಲ್ಲವಾ?" ಮರುದಿನ ಬೆಳಿಗ್ಗೆ ಎಲ್ಲ ತಂಡಗಳಿಗೂ ಗ್ರೇಡ್ ಬರುತ್ತದೆ: ಒಬ್ಬರಿಗೆ ಎ ಪ್ಲಸ್, ಇನ್ನೊಬ್ಬರಿಗೆ ಸಿ, ಮತ್ತೊಬ್ಬರಿಗೆ ಡಿ. ಫುಲ್ ಎ ಪ್ಲಸ್ ಸಿಕ್ಕವರ ಫೋಟೋ ಫ್ಲೆಕ್ಸ್‌ನಲ್ಲಿ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸ ಏನೆಂದರೆ, ನಮ್ಮ ಮಕ್ಕಳು ಪರೀಕ್ಷೆ ಬರೆದ ಮೇಲೆ ಗ್ರೇಡ್ ಬರುತ್ತದೆ. ಇಲ್ಲಿ ಪರೀಕ್ಷೆ ಇನ್ನೂ ಶುರುವೇ ಆಗಿರುವುದಿಲ್ಲ.

ಯಾಕೆಂದರೆ ಬೇಸ್‌ಬಾಲ್‌ನಲ್ಲಿ ಆಯ್ಕೆಯಾದವನು ಮರುದಿನವೇ ದೊಡ್ಡ ತಂಡಕ್ಕೆ ಆಡುವುದಿಲ್ಲ. ಮೈನರ್ ಲೀಗ್ ಎಂಬ ಮೆಟ್ಟಿಲುಗಳನ್ನು ಹತ್ತಬೇಕು: ಸಿಂಗಲ್ ಎ, ಹೈ ಎ, ಡಬಲ್ ಎ, ಟ್ರಿಪಲ್ ಎ. ಹೈಸ್ಕೂಲಿನಿಂದ ಬಂದ ಹುಡುಗನಿಗೆ ಇದು ಸಾಮಾನ್ಯವಾಗಿ ಹಲವು ವರ್ಷಗಳ ದಾರಿ. ಈಗ ಡ್ರಾಫ್ಟ್ 20 ಸುತ್ತು ನಡೆಯುತ್ತದೆ, ಆರು ನೂರಕ್ಕೂ ಹೆಚ್ಚು ಹೆಸರು ಕರೆಯುತ್ತಾರೆ. ಹೆಚ್ಚಿನವರು ಮೇಜರ್ ಲೀಗ್ ಮೈದಾನಕ್ಕೆ ಕಾಲಿಡುವುದೇ ಇಲ್ಲ.

ಒಂದೇ ತಂಡದ ಮೂರು ವರ್ಷದ ಕಥೆ ಹೇಳಿದರೆ ನನ್ನ ಮಾತು ಇನ್ನೂ ಸ್ಪಷ್ಟವಾಗಬಹುದು. ಹ್ಯೂಸ್ಟನ್ ಆಸ್ಟ್ರೋಸ್ 2011ರಲ್ಲಿ 106 ಪಂದ್ಯ ಸೋತಿತು, 2012ರಲ್ಲಿ 107, 2013ರಲ್ಲಿ 111. ಹಾಗಾಗಿ 2012, 2013, 2014, ಮೂರೂ ಡ್ರಾಫ್ಟ್‌ಗಳಲ್ಲಿ ಮೊದಲ ಸರದಿ ಅವರಿಗೇ ಸಿಕ್ಕಿತು.

2012ರಲ್ಲಿ ಹೆಚ್ಚಿನವರ ಬಾಯಲ್ಲಿದ್ದ ಹೆಸರುಗಳು ಬೈರನ್ ಬಕ್ಸ್‌ಟನ್ ಮತ್ತು ಮಾರ್ಕ್ ಆಪೆಲ್. ತಂಡ ಕರೆದದ್ದು ಪೋರ್ಟೊ ರಿಕೊದ 17 ವರ್ಷದ ಕಾರ್ಲೋಸ್ ಕೊರೆಯಾನನ್ನು. ಮೊದಲ ಕೇಳಿಕೆಗೆ ತಲೆಬುಡ ಇಲ್ಲದ ಆಯ್ಕೆ. ಆದರೆ ಅದರ ಹಿಂದೆ ಒಂದು ಲೆಕ್ಕ ಇತ್ತು. ಆ ವರ್ಷದಿಂದ ಪ್ರತಿ ತಂಡಕ್ಕೂ ಡ್ರಾಫ್ಟ್‌ನಲ್ಲಿ ಖರ್ಚು ಮಾಡಲು ಇಂತಿಷ್ಟೇ ಹಣ ಎಂಬ ಮಿತಿ ಬಂದಿತ್ತು. ಮೊದಲ ಸರದಿಗೆ ಗೊತ್ತುಪಡಿಸಿದ್ದು 72 ಲಕ್ಷ ಡಾಲರ್. ಕೊರೆಯಾ 48 ಲಕ್ಷಕ್ಕೆ ಒಪ್ಪಿದ. ಉಳಿದ ಹಣದ ಬಲದಿಂದ ತಂಡ 41ನೆಯ ಸರದಿಯಲ್ಲಿ ಲ್ಯಾನ್ಸ್ ಮೆಕಲರ್ಸ್ ಎಂಬ ಪಿಚರ್‌ನನ್ನು 25 ಲಕ್ಷ ಕೊಟ್ಟು ಸೇರಿಸಿಕೊಂಡಿತು. 2017ರಲ್ಲಿ ಆಸ್ಟ್ರೋಸ್ ವರ್ಲ್ಡ್ ಸಿರೀಸ್ ಗೆದ್ದಾಗ ಇಬ್ಬರೂ ತಂಡದಲ್ಲಿದ್ದರು. (ಎದುರಾಳಿಯ ಸನ್ನೆ ಕದ್ದ ಪ್ರಕರಣದಿಂದ ಆ ಗೆಲುವಿಗೆ ಬಳಿಕ ಕಳಂಕ ಮೆತ್ತಿತು, ಅದು ಬೇರೆ ಮಾತು.) ಮೊದಲ ಹೆಸರು ಕೇಳಿದ ಕೂಡಲೇ ತೀರ್ಪು ಕೊಟ್ಟವರು ನೋಡಿದ್ದು ಲೆಕ್ಕದ ಮೊದಲ ಸಾಲನ್ನು ಮಾತ್ರ.

2013ರಲ್ಲಿ ಎಲ್ಲರೂ ಬಯಸಿದ್ದ ಮಾರ್ಕ್ ಆಪೆಲ್‌ನನ್ನೇ ಆಸ್ಟ್ರೋಸ್ ಕರೆಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪಿಚರ್. ಕಣ್ಣುಮುಚ್ಚಿ ಎ ಪ್ಲಸ್ ಕೊಡಬಹುದಾದ ಆಯ್ಕೆ. ಎರಡನೆಯ ಸರದಿಯ ಚಿಕಾಗೋ ಕಬ್ಸ್ ಕ್ರಿಸ್ ಬ್ರಯಂಟ್‌ನನ್ನು ಆರಿಸಿತು. 2016ರಲ್ಲಿ ಬ್ರಯಂಟ್ ಲೀಗಿನ ಅತ್ಯಂತ ಮೌಲ್ಯಯುತ ಆಟಗಾರನಾದ, 108 ವರ್ಷದ ಬಳಿಕ ಕಬ್ಸ್‌ಗೆ ವರ್ಲ್ಡ್ ಸಿರೀಸ್ ಬಂತು. ಆಪೆಲ್‌ಗೆ ಮೈನರ್ ಲೀಗಿನಲ್ಲೇ ಪೆಟ್ಟಿನ ಮೇಲೆ ಪೆಟ್ಟು, ಸೋಲಿನ ಮೇಲೆ ಸೋಲು. ಬೇರೆ ತಂಡಕ್ಕೆ ಕಳಿಸಿದರು. 2018ರಲ್ಲಿ ಅವನು ಆಟವನ್ನೇ ಬಿಟ್ಟ. ಡ್ರಾಫ್ಟ್ ಇತಿಹಾಸದ ಅತಿ ದೊಡ್ಡ ನಿರಾಶೆ ಎಂದು ಜನ ಅವನ ಹೆಸರಿಗೆ ಮುದ್ರೆ ಒತ್ತಿದರು.

2014ರಲ್ಲಿ ಬ್ರೇಡಿ ಏಕನ್ ಎಂಬ ಹೈಸ್ಕೂಲ್ ಪಿಚರ್. ಒಪ್ಪಂದದ ಮಾತು ಮುಗಿದಿದೆ ಎನ್ನುವಾಗ ವೈದ್ಯಕೀಯ ಪರೀಕ್ಷೆಯಲ್ಲಿ ಮೊಣಕೈಯ ಬಗ್ಗೆ ಸಂಶಯ ಬಂತು. ತಂಡ ಹಣ ಇಳಿಸಿತು, ಹುಡುಗ ಒಪ್ಪಲಿಲ್ಲ. ಅವನ ಒಪ್ಪಂದ ಮುರಿದದ್ದರಿಂದ ಡ್ರಾಫ್ಟ್ ಹಣದ ಲೆಕ್ಕವೂ ತಲೆಕೆಳಗಾಯಿತು. ಐದನೆಯ ಸುತ್ತಿನಲ್ಲಿ ಆಯ್ಕೆಯಾಗಿದ್ದ ಜೇಕಬ್ ನಿಕ್ಸ್ ಎಂಬ ಇನ್ನೊಬ್ಬ ಹುಡುಗನಿಗೆ ಮಾತು ಕೊಟ್ಟಿದ್ದ ಹಣವೂ ತಪ್ಪಿತು. ಆಗ ತಂಡದ ಆಡಳಿತದ ಮೇಲೆ ಅಭಿಮಾನಿಗಳು ಸಿಟ್ಟಾದರು. ಆ ಸಿಟ್ಟು ನ್ಯಾಯವಾದದ್ದು ಅಂತ ನಾನು ಒಪ್ಪುತ್ತೇನೆ, ಮುಖ್ಯವಾಗಿ ನಿಕ್ಸ್ ವಿಷಯದಲ್ಲಿ. ಆದರೆ ಮರುವರ್ಷ ಏಕನ್‌ಗೆ ನಿಜವಾಗಿಯೂ ಮೊಣಕೈ ಶಸ್ತ್ರಚಿಕಿತ್ಸೆ ಆಯಿತು. ಅವನು ಮೇಜರ್ ಲೀಗ್ ತಲುಪಲೇ ಇಲ್ಲ. ಅವನು ಸಹಿ ಹಾಕದ ಕಾರಣ ಪರಿಹಾರವಾಗಿ ಸಿಕ್ಕ 2015ರ ಎರಡನೆಯ ಸರದಿಯಲ್ಲಿ ತಂಡಕ್ಕೆ ಬಂದವನು ಅಲೆಕ್ಸ್ ಬ್ರೆಗ್‌ಮನ್. ಅವನೂ 2017ರ ಗೆಲುವಿನ ತಂಡದಲ್ಲಿದ್ದ.

ಮೂರು ವರ್ಷ, ಮೂರು ಮೊದಲ ಆಯ್ಕೆ. ಅಚ್ಚರಿ ಹುಟ್ಟಿಸಿದ್ದು ಫಲ ಕೊಟ್ಟಿತು. ಮೆಚ್ಚಿಕೊಂಡದ್ದು ಕೈಕೊಟ್ಟಿತು. ಸಿಟ್ಟು ಬರಿಸಿದ್ದು ಇನ್ನೊಂದು ದಾರಿಯಲ್ಲಿ ಒಳ್ಳೆಯದಾಯಿತು. ಆ ರಾತ್ರಿಗಳಲ್ಲಿ ಕೊಟ್ಟ ಗ್ರೇಡ್‌ಗಳಲ್ಲಿ ಎಷ್ಟು ಉಳಿದವು, ನೀವೇ ಹೇಳಿ.

"ಹಾಗಾದರೆ ಅಭಿಮಾನಿ ಬಾಯಿ ಮುಚ್ಚಿಕೊಂಡಿರಬೇಕಾ?" ಅಂತ ನೀವು ಕೇಳಬಹುದು. ಖಂಡಿತ ಬೇಡ. ಟಿಕೆಟ್‌ಗೆ ದುಡ್ಡು ಕೊಟ್ಟು, ಸೋತ ದಿನವೂ ಟೋಪಿ ಹಾಕಿಕೊಂಡು ಬರುವವನಿಗೆ ಮಾತನಾಡುವ ಹಕ್ಕಿದೆ. ಅಭಿಮಾನಿಯ ಅನುಮಾನ ಎಷ್ಟೋ ಸಲ ಸರಿಯಾಗಿಯೂ ಇರುತ್ತದೆ. ಒಳಗಿನವರೂ ಸಿಟ್ಟಾದದ್ದುಂಟು. 1992ರಲ್ಲಿ ಇದೇ ಆಸ್ಟ್ರೋಸ್ ತಂಡಕ್ಕೆ ಪ್ರತಿಭೆ ಹುಡುಕುತ್ತಿದ್ದ ಹಾಲ್ ನ್ಯೂಹೌಸರ್, ಹಿಂದೆ ಸ್ವತಃ ದೊಡ್ಡ ಪಿಚರ್ ಆಗಿದ್ದವರು, ಡೆರೆಕ್ ಜೀಟರ್ ಎಂಬ ಹುಡುಗನನ್ನೇ ತೆಗೆದುಕೊಳ್ಳಿ ಎಂದು ಹೇಳಿದ್ದರು. ತಂಡ ಫಿಲ್ ನೆವಿನ್‌ನನ್ನು ಆರಿಸಿತು. ಬೇಸರಗೊಂಡ ನ್ಯೂಹೌಸರ್ ಕೆಲಸವನ್ನೇ ಬಿಟ್ಟರು. ಆರನೆಯ ಸರದಿಯಲ್ಲಿ ಯಾಂಕೀಸ್ ಸೇರಿದ ಜೀಟರ್ ಐದು ವರ್ಲ್ಡ್ ಸಿರೀಸ್ ಗೆದ್ದ.

ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ. ನ್ಯೂಹೌಸರ್ ಸಿಟ್ಟಾದದ್ದು ಆಯ್ಕೆ ಮಾಡಿದವರ ಮೇಲೆ. ನೆವಿನ್ ಮಾಡಿದ ತಪ್ಪೇನು? ಅವನ ಹೆಸರು ಕರೆದರು, ಅವನು ಹೋದ. ಮುಂದೆ ಮೇಜರ್ ಲೀಗಿನಲ್ಲಿ 208 ಹೋಮ್ ರನ್ ಹೊಡೆದ. ಯಾವ ಹುಡುಗನಾದರೂ ಹೆಮ್ಮೆಪಡಬೇಕಾದ ಸಾಧನೆ. ಆದರೂ ಅವನ ಹೆಸರು ಬಂದಾಗಲೆಲ್ಲ "ಜೀಟರ್‌ಗಿಂತ ಮೊದಲು ಆಯ್ಕೆಯಾದವನು" ಎಂಬ ಮಾತು ಹಿಂದೆಯೇ ಬರುತ್ತದೆ. ಯಾರದೋ ಕಚೇರಿಯಲ್ಲಿ ಆದ ತೀರ್ಮಾನವನ್ನು ಇನ್ಯಾರೋ ಬದುಕಿಡೀ ಹೊರಬೇಕು ಎಂದರೆ ಅದು ಯಾವ ನ್ಯಾಯ?

ನಮಗೆ ಹತ್ತಿರದ ಉದಾಹರಣೆ ಬೇಕಾದರೆ 2008ರ ಐಪಿಎಲ್ ನೆನಪಿಸಿಕೊಳ್ಳಿ. ದೊಡ್ಡ ಆಟಗಾರರಿಗೆ ಹರಾಜು ನಡೆದಿತ್ತು, 19ರೊಳಗಿನ ಹುಡುಗರನ್ನು ಮಾತ್ರ ಡ್ರಾಫ್ಟ್ ರೀತಿಯಲ್ಲಿ ಹಂಚಿದ್ದರು. ದೆಹಲಿ ತಂಡ ಪ್ರದೀಪ್ ಸಾಂಗ್ವಾನ್ ಎಂಬ ಬೌಲರ್‌ನನ್ನು ಆರಿಸಿತು. ದೆಹಲಿಯದ್ದೇ ಹುಡುಗ ವಿರಾಟ್ ಕೊಹ್ಲಿ ಬೆಂಗಳೂರಿಗೆ ಬಂದ. ಇಂದು ದೆಹಲಿಯನ್ನು ಗೇಲಿ ಮಾಡುವುದು ಸುಲಭ. ಆದರೆ ಅದೇ ಕೊಹ್ಲಿ ತಂಡದಲ್ಲಿದ್ದೂ ಆರ್‌ಸಿಬಿ ಕಪ್ ಎತ್ತಿದ್ದು 2025ರಲ್ಲಿ. "ಈ ಸಲ ಕಪ್ ನಮ್ದೇ" ಎಂದು ಪ್ರತಿ ವರ್ಷ ಹೇಳಿ, ಎಲ್ಲರ ನಗೆಪಾಟಲಿಗೆ ಗುರಿಯಾಗಿ, ಮತ್ತೆ ಮರುವರ್ಷ ಅದನ್ನೇ ಹೇಳಿದವರು ನಾವು. ಕಾಯುವುದು ಏನೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಹಾಗಾಗಿ ಯಾವುದೇ ಆಟದ ಅಭಿಮಾನಿಯಾಗಿರಿ, ನನ್ನ ಕೋರಿಕೆ ಎರಡೇ. ಒಂದು, ಪ್ರಶ್ನೆಯನ್ನು ಸರಿಯಾದ ವಿಳಾಸಕ್ಕೆ ಕಳಿಸಿ. "ಯಾಕೆ ಇವನನ್ನು ಆರಿಸಿದಿರಿ? ಲೆಕ್ಕ ಏನು? ಮಾತು ಕೊಟ್ಟ ಹಣ ಯಾಕೆ ಕೊಡಲಿಲ್ಲ?" ಎಂದು ತಂಡದ ಆಡಳಿತವನ್ನು ಗಟ್ಟಿಯಾಗಿಯೇ ಕೇಳಿ. ಆ ಕೆಲಸಕ್ಕೆ ಅವರಿಗೆ ಸಂಬಳ ಇದೆ. "ಇವನಿಂದ ಏನಾಗುತ್ತದೆ" ಎಂಬ ಮಾತನ್ನು ಹುಡುಗನ ಫೋಟೋದ ಕೆಳಗೆ ಬರೆಯಬೇಡಿ. ಅದನ್ನು ಅವನೂ ಓದುತ್ತಾನೆ, ಅವನ ಅಮ್ಮನೂ ಓದುತ್ತಾರೆ. ಎರಡು, ಗ್ರೇಡ್ ಕೊಡಲೇಬೇಕೆಂದರೆ ಪೆನ್ಸಿಲಿನಲ್ಲಿ ಬರೆಯಿರಿ. ಐದು ವರ್ಷ ಬಿಟ್ಟು ತೆಗೆದು ನೋಡಿ. ತಪ್ಪಿದ್ದರೆ ಅಳಿಸಿ, ನಕ್ಕುಬಿಡಿ.

ಅಂದ ಹಾಗೆ, ಮಾರ್ಕ್ ಆಪೆಲ್ ಕಥೆ 2018ಕ್ಕೆ ಮುಗಿಯಲಿಲ್ಲ. ಮೂರು ವರ್ಷ ದೂರ ಉಳಿದವನು 2021ರಲ್ಲಿ ಮತ್ತೆ ಮೈನರ್ ಲೀಗಿಗೆ ಬಂದ. 2022ರ ಜೂನ್ 29ರಂದು, 30ನೆಯ ವಯಸ್ಸಿನಲ್ಲಿ, ಡ್ರಾಫ್ಟ್ ಆಗಿ ಒಂಬತ್ತು ವರ್ಷದ ಮೇಲೆ, ಫಿಲಡೆಲ್ಫಿಯಾ ಫಿಲೀಸ್ ತಂಡಕ್ಕಾಗಿ ಮೊದಲ ಸಲ ಮೇಜರ್ ಲೀಗ್ ಮೈದಾನಕ್ಕಿಳಿದ. ಒಂದು ಇನ್ನಿಂಗ್ ಚೆಂಡೆಸೆದ. ಎದುರಾಳಿಗೆ ಒಂದು ರನ್ನೂ ಸಿಗಲಿಲ್ಲ.

2013ರಲ್ಲಿ ಎ ಪ್ಲಸ್ ಕೊಟ್ಟವರೂ, 2018ರಲ್ಲಿ ಮುದ್ರೆ ಒತ್ತಿದವರೂ ಆ ಒಂದು ಇನ್ನಿಂಗನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.