ಬೆಳ್ಳಿ ನಾಣ್ಯದಲ್ಲಿ ಕುಳಿತವಳು ಲಕ್ಷ್ಮಿಯಲ್ಲ

ರೋಮನ್ ಬೆಳ್ಳಿ ನಾಣ್ಯದಲ್ಲಿ ಆಸೀನಳಾದ ಸ್ತ್ರೀಯನ್ನು ಕಂಡೊಡನೆ ಲಕ್ಷ್ಮಿಯೆಂದು ಹೆಸರಿಡುವವರ ಆತುರಕ್ಕೆ ಆಧಾರವಿಲ್ಲ. ‘ರೋಮಿನೊಡನೆ ವ್ಯಾಪಾರವಿತ್ತು’ ಎಂಬ ಒಂದು ಸಾಲಿನಲ್ಲಿ ನಾಣ್ಯದ ಎರಡೂ ಮುಖಗಳನ್ನು ಮುಗಿಸಿಬಿಡುವ ಉದಾಸೀನವೂ ಅದಕ್ಕಿಂತ ಮೇಲಲ್ಲ.

1891ರಲ್ಲಿ ಯಶವಂತಪುರದ ರೈಲುಮಾರ್ಗದ ಕೆಲಸದಲ್ಲಿ 163 ಬೆಳ್ಳಿ ನಾಣ್ಯಗಳು ದೊರೆತವು. ಎಂ.ಎಚ್. ಕೃಷ್ಣ 1929ರಲ್ಲಿಯೂ ವ್ಹೀಲರ್ 1947ರಲ್ಲಿಯೂ ಉತ್ಖನನ ನಡೆಸಿದ ಚಂದ್ರವಳ್ಳಿಯಲ್ಲಿ ಆಗಸ್ಟಸ್, ಟೈಬೀರಿಯಸರ ನಾಣ್ಯಗಳು ಸಿಕ್ಕಿವೆ. ಭಾರತದಲ್ಲಿ ಹೆಚ್ಚಾಗಿ ದೊರೆಯುವ ಬೆಳ್ಳಿ ನಾಣ್ಯಗಳಲ್ಲಿ ಎರಡು ಬಗೆಗಳು ಮುಖ್ಯ. ಆಗಸ್ಟಸನ ನಾಣ್ಯದಲ್ಲಿ ಅವನ ದತ್ತುಪುತ್ರರಾದ ಗಾಯಸ್, ಲೂಸಿಯಸರು ಗುರಾಣಿ ಈಟಿಗಳೊಡನೆ ನಿಂತಿದ್ದಾರೆ. ಅವರ ನಡುವೆ ಮೇಲ್ಗಡೆ ತರ್ಪಣದ ಸೌಟು, ಶಕುನ ನೋಡುವ ಪುರೋಹಿತನ ಡೊಂಕುಕೋಲು. ಟೈಬೀರಿಯಸನ ನಾಣ್ಯದ ಮುಮ್ಮುಖದ ಬರಹ ಅವನನ್ನು ದೈವತ್ವಕ್ಕೇರಿದ ಆಗಸ್ಟಸನ ಮಗನೆನ್ನುತ್ತದೆ, ಹಿಮ್ಮುಖದ ಬರಹ ಮಹಾಪುರೋಹಿತನೆನ್ನುತ್ತದೆ. ಆ ಬರಹದ ನಡುವೆ ಕುಳಿತ ಸ್ತ್ರೀಯ ಒಂದು ಕೈಯಲ್ಲಿ ದಂಡ, ಇನ್ನೊಂದರಲ್ಲಿ ರೆಂಬೆ. ಅವಳು ಶಾಂತಿದೇವಿಯೋ ರಾಜಮಾತೆ ಲಿವಿಯಾಳೋ ಎಂಬ ಚರ್ಚೆಯುಂಟು. ಲಕ್ಷ್ಮಿಯ ಕಮಲವಾಗಲಿ ಆನೆಗಳಾಗಲಿ ಅಲ್ಲಿಲ್ಲ. ಪೌರೋಹಿತ್ಯವನ್ನೂ ಪ್ರಭುತ್ವವನ್ನೂ ಒಂದೇ ಅಚ್ಚಿನಲ್ಲಿ ಒತ್ತಿದ ರಾಜಕೀಯವಿದು. ನಮ್ಮ ಪುರಾಣವನ್ನು ಅದರ ಮೇಲೆ ಹೊದಿಸಿದರೆ ಆ ರಾಜಕೀಯವೇ ಮರೆಯಾಗುತ್ತದೆ.

ಇಲ್ಲಿನ ಜನ ಅವಳನ್ನು ಲಕ್ಷ್ಮಿಯೆಂದೇ ಕಂಡಿರಬಾರದೇಕೆ ಎಂಬ ಪ್ರತಿವಾದವಿದೆ. ಆ ಪ್ರಶ್ನೆ ನಾಣ್ಯ ಮಾಡಿಸಿದವರದಲ್ಲ, ಬಳಸಿದವರದು. ಅದಕ್ಕೆ ಬೇರೆಯೇ ಸಾಕ್ಷ್ಯ ಬೇಕು. ಆ ಸಾಕ್ಷ್ಯಕ್ಕೆ ದೂರ ಹೋಗಬೇಕಿಲ್ಲ. ಚಿಟಗುಪ್ಪ, ಹುಮನಾಬಾದ, ಬಸವಕಲ್ಯಾಣಗಳ ಸೀಮೆಗೆ ಪಡುವಣದಲ್ಲಿ ಗ್ರೀಕರು ತಗರವೆಂದು ಕರೆದ ತೇರ, ಮೂಡಣದಲ್ಲಿ ತೆಲಂಗಾಣದ ಕೊಂಡಾಪುರ. ಕೊಂಡಾಪುರದಲ್ಲಿ ಟೈಬೀರಿಯಸನ ನಾಣ್ಯವನ್ನು ಅನುಕರಿಸಿದ ಮಣ್ಣಿನ ಬಿಲ್ಲೆಗಳು ದೊರೆತಿವೆ. ತೂಗುಹಾಕಿಕೊಳ್ಳಲು ಅವಕ್ಕೆ ಕುಣಿಕೆಗಳಿವೆ. ಸಾತವಾಹನರ ಕಾಲದ ಜನ ಪರದೇಶದ ಚಕ್ರವರ್ತಿಯ ಮುಖವನ್ನು ಒಡವೆಯಾಗಿ ತೊಟ್ಟರು. ಅದನ್ನು ಪೂಜಿಸಿದರೆಂದು ಹೇಳಲು ಈ ಕುಣಿಕೆಯಷ್ಟೇ ಸಾಲದು.

ಜೈನ ಪ್ರಾಕೃತ ಸಾಹಿತ್ಯವನ್ನು ಓದಿದವರಿಗೆ ಇದು ಹೊಸತಲ್ಲ. ಕಲ್ಪಸೂತ್ರದಲ್ಲಿ ತ್ರಿಶಲೆಯ ಕನಸಿನಲ್ಲಿ ಕಾಣುವ ಶ್ರೀದೇವಿ ದೀನಾರಮಾಲೆಯನ್ನು ಧರಿಸಿದ್ದಾಳೆ. ಅಲ್ಲಿ ದೀನಾರ ದೇವಿಯ ಕೊರಳಲ್ಲಿದೆ, ದೇವಿ ದೀನಾರದ ಮೇಲಿಲ್ಲ. ಲಕ್ಷ್ಮೀವಾದಿಗಳು ಈ ಪ್ರಸಂಗವನ್ನು ತಮ್ಮ ಪಕ್ಷಕ್ಕೆ ಎಳೆದುಕೊಳ್ಳುವ ಮುನ್ನ ಇನ್ನೊಂದನ್ನೂ ನೆನೆಯಬೇಕು: ‘ದಿನಾರಿಯಸ್’ ಎಂಬ ಬೆಳ್ಳಿ ನಾಣ್ಯದ ಹೆಸರಿನಿಂದ ಬಂದರೂ ‘ದೀನಾರ’ ಭಾರತದಲ್ಲಿ ಚಿನ್ನದ ನಾಣ್ಯಕ್ಕೆ ನಿಂತ ಶಬ್ದ, ಗುಪ್ತರ ಹೊನ್ನಿಗೂ ಅದೇ ಹೆಸರು. ಆದ್ದರಿಂದ ಶ್ರೀದೇವಿಯ ಮಾಲೆಯಲ್ಲಿ ಟೈಬೀರಿಯಸನ ಬೆಳ್ಳಿಯೇ ಇತ್ತೆಂದು ವಾದಿಸುವುದಕ್ಕೂ ಆ ಶಬ್ದವೊಂದೇ ಸಾಲದು.