ತಪ್ಪು ಕನ್ನಡದ ಪರವಾಗಿ

ಕಳೆದ ತಿಂಗಳ ಕೂಟ ಮುಗಿದ ಮೇಲೆ ಮಾಟುಂಗದ ಹೋಟೆಲೊಂದರಲ್ಲಿ ನಾವು ಏಳೆಂಟು ಮಂದಿ ಕಾಫಿಗೆ ಕುಳಿತಿದ್ದೆವು. ಆ ಸಂಜೆ ಓದಿದ ಪ್ರಬಂಧದ ಕುರಿತು ಯಾರೂ ಮಾತೆತ್ತಲಿಲ್ಲ. ಮಾತು ಹೇಗೋ ‘ಮೈಂಡ್ ಯುವರ್ ಲ್ಯಾಂಗ್ವೇಜ್’ ಎಂಬ ಹಳೆಯ ಬ್ರಿಟಿಷ್ ಹಾಸ್ಯ ಧಾರಾವಾಹಿಯ ಕಡೆಗೆ ಹೊರಳಿತು. ಅದರ ಕಂತುಗಳಲ್ಲಿ ಶ್ರೇಷ್ಠವಾದುದು ಯಾವುದೆಂಬ ಜಿಜ್ಞಾಸೆ ಒಂದು ಗಂಟೆ ನಡೆಯಿತು. ಒಬ್ಬರು ಮೊದಲ ಕಂತಿನ ಪರ, ಇನ್ನೊಬ್ಬರು ಇನ್ಸ್‌ಪೆಕ್ಟರ್ ಬರುವ ಕಂತಿನ ಪರ, ಮತ್ತೊಬ್ಬರು ರಂಜಿತ್ ಸಿಂಗನ ಮದುವೆಯ ಪೇಚಿನ ಪರ. ಹೆಣೆಯುತ್ತ ಕೂರುವ ಜಮೀಲಾಳನ್ನೂ ಮಾತಿಗೊಮ್ಮೆ ಬಾಗುವ ತಾರೋನನ್ನೂ ಒಬ್ಬರು ಎದ್ದು ನಿಂತು ಅಭಿನಯಿಸಿದರು. ಪಕ್ಕದ ಮೇಜಿನವರೂ ನಕ್ಕರು. ನಾವು ಎಲ್ಲರಿಗಿಂತ ಜೋರಾಗಿ ನಕ್ಕೆವು. ಮನೆಗೆ ಮರಳುವಾಗ, ಕಲ್ಯಾಣದ ಗಾಡಿ ಘಾಟ್ಕೋಪರ್ ದಾಟುವಷ್ಟರಲ್ಲಿ, ಆ ನಗೆ ಗಂಟಲಿನಲ್ಲಿ ಸಿಕ್ಕಿಕೊಂಡಿತು. ಅದಕ್ಕೆ ಕಾರಣವನ್ನು ಹೇಳುವುದೇ ಈ ಬರಹದ ಉದ್ದೇಶ. ಕಾಫಿಯ ಗೆಳೆಯರು ಇದನ್ನು ಜಗಳವೆಂದು ಭಾವಿಸಿದರೆ ತಪ್ಪಿಲ್ಲ, ಜಗಳವೇ ಸರಿ.

ಮೊದಲು ಧಾರಾವಾಹಿಯ ಸಂಗತಿ. 1977ರ ಡಿಸೆಂಬರ್ 30ರಂದು ಬ್ರಿಟನ್ನಿನ ಐಟಿವಿಯಲ್ಲಿ ಅದರ ಮೊದಲ ಕಂತು ಬಂತು. ಬರೆದವನು ವಿನ್ಸ್ ಪೋವೆಲ್. ಲಂಡನ್ನಿನ ಸಂಜೆ ಶಾಲೆಯೊಂದರಲ್ಲಿ ಜೆರೆಮಿ ಬ್ರೌನ್ ಎಂಬ ಯುವ ಮೇಷ್ಟರು ಪರದೇಶದಿಂದ ಬಂದ ವಯಸ್ಕರಿಗೆ ಇಂಗ್ಲಿಷ್ ಕಲಿಸುತ್ತಾರೆ. ಇಟಲಿಯ ಅಡುಗೆಯವ, ಸ್ಪೇನಿನವ, ಜಪಾನಿನವ, ಪಾಕಿಸ್ತಾನದ ಅಲಿ, ಪಂಜಾಬಿನ ರಂಜಿತ್, ಭಾರತದ ಗೃಹಿಣಿ ಜಮೀಲಾ, ಎಲ್ಲರೂ ಅದೇ ಕೋಣೆಯಲ್ಲಿ. 1979ರವರೆಗೆ ಮೂರು ಸರಣಿಗಳಲ್ಲಿ 29 ಕಂತುಗಳಾದವು. ಈ ಹಾಸ್ಯ ವಲಸಿಗರಿಗೆ ಅವಮಾನಕರವೆಂದು ಮೈಕೆಲ್ ಗ್ರೇಡ್ ಎಂಬ ಅಧಿಕಾರಿ ಅದನ್ನು ನಿಲ್ಲಿಸಿದ. ಕೆಲವು ವರ್ಷಗಳ ತರುವಾಯ ನಾಲ್ಕನೆಯ ಸರಣಿಯೊಂದು ಬಂದು ಹೋಯಿತು. ನಮ್ಮ ದೇಶದಲ್ಲಿ ಅದರ ಹಿಂದಿ ರೂಪ 1993ರಲ್ಲಿ ‘ಜಬಾನ್ ಸಂಭಾಲ್ ಕೆ’ ಎಂಬ ಹೆಸರಿನಲ್ಲಿ ಬಂತು. ಅಲ್ಲಿ ಪಂಕಜ್ ಕಪೂರ್ ಹಿಂದಿ ಮೇಷ್ಟರು. ಬ್ರಿಟನ್ನು ನಾಚಿ ನಿಲ್ಲಿಸಿದ್ದನ್ನು, ಯಾರನ್ನು ಅಣಕಿಸಿದೆಯೆಂದು ಅದು ನಾಚಿತೋ ಆ ನಾವೇ ಎದೆಗಪ್ಪಿಕೊಂಡೆವು.

ಇದರಲ್ಲಿ ವಿಚಿತ್ರವೇನೂ ಇಲ್ಲ ಎನ್ನುವವರಿದ್ದಾರೆ. ನಮ್ಮನ್ನು ನಾವೇ ನೋಡಿ ನಗುವುದು ಆರೋಗ್ಯದ ಲಕ್ಷಣ ಎಂಬುದು ಅವರ ವಾದ. ಆ ವಾದ ಸರಿಯಾಗಬೇಕಾದರೆ ನಾವು ನಿಜವಾಗಿಯೂ ನಮ್ಮನ್ನೇ ನೋಡಿ ನಗುತ್ತಿರಬೇಕು. ನಾವು ಹಾಗೆ ನಗುತ್ತಿಲ್ಲ. ಆ ತರಗತಿಯನ್ನು ನೋಡುವಾಗ ನಾವು ಕೂರುವುದು ಜಮೀಲಾಳ ಬೆಂಚಿನಲ್ಲಲ್ಲ, ಬ್ರೌನ್ ಮೇಷ್ಟರ ಕುರ್ಚಿಯಲ್ಲಿ. ‘ನಮಗೆ ಇಂಗ್ಲಿಷ್ ಬರುತ್ತದೆ, ಅವರಿಗೆ ಬಾರದು’ ಎಂಬ ನೆಮ್ಮದಿಯೇ ನಮ್ಮ ನಗೆಯ ಬಂಡವಾಳ. ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಪದವಿ ಹೊತ್ತ ನಮಗಂತೂ ಆ ಕುರ್ಚಿ ಹೇಳಿ ಮಾಡಿಸಿದಂತಿದೆ.

ಆದರೆ ಮುಂಬಯಿ ಕನ್ನಡಿಗರಿಗೆ ಆ ಕುರ್ಚಿಯಲ್ಲಿ ಕೂರುವ ಹಕ್ಕಿದೆಯೇ? ಈ ಊರಿನಲ್ಲಿ ಅಂಥದೇ ತರಗತಿಗಳಿದ್ದವು, ಅವುಗಳ ಬೆಂಚಿನ ಮೇಲೆ ಕುಳಿತವರು ನಮ್ಮವರೇ. ಕೋಟೆಯ ಮೊಗವೀರ ರಾತ್ರಿ ಶಾಲೆ ಆರಂಭವಾದದ್ದು 1908ರಲ್ಲಿ. ಬಳಿಕ ಬೇರೆ ಬೇರೆ ಸಮಾಜಗಳೂ ಸಂಘಗಳೂ ಈ ನಗರದಲ್ಲಿ ರಾತ್ರಿ ಶಾಲೆಗಳನ್ನು ಕಟ್ಟಿದವು. ಹಗಲೆಲ್ಲ ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆದ, ಮೇಜು ಒರೆಸಿದ, ಕ್ಯಾಂಟೀನುಗಳಲ್ಲಿ ಚಹಾ ಹೊತ್ತ ಹುಡುಗರು ಸಂಜೆ ಕೈತೊಳೆದುಕೊಂಡು ಅಲ್ಲಿಗೆ ಬಂದು ಕುಳಿತರು. ಗುಮಾಸ್ತರಾದವರು, ಬ್ಯಾಂಕು ಸೇರಿದವರು, ವಕೀಲರಾದವರು, ಸ್ವಂತ ಹೋಟೆಲು ತೆರೆದವರು ಆ ಬೆಂಚುಗಳಿಂದಲೇ ಎದ್ದುಬಂದರು. ನಮ್ಮ ಸಂಘಗಳ ಸಭಾಗೃಹಗಳ ಇಟ್ಟಿಗೆಗಳಲ್ಲಿ ಎಷ್ಟೋ ಅವರ ಹಣದಿಂದ ಬಂದವು. ಅವರ ಮೊದಲ ವರ್ಷದ ಇಂಗ್ಲಿಷು ಅಲಿಯ ಇಂಗ್ಲಿಷಿಗಿಂತ ಉತ್ತಮವಾಗಿತ್ತೆಂದು ನಂಬಲು ಕಾರಣವಿಲ್ಲ. ಹಿನ್ನೆಲೆಯಲ್ಲಿ ನಗೆಯ ಧ್ವನಿಮುದ್ರಿಕೆ ಹಾಕದಿದ್ದುದರಿಂದ ಅದು ಹಾಸ್ಯವಾಗಲಿಲ್ಲ, ಅಷ್ಟೇ.

ಕನ್ನಡದ ಕಥೆಯೂ ಇದಕ್ಕಿಂತ ಬೇರೆಯಲ್ಲ ಎಂಬುದನ್ನು ನಾವು ಬೇಗ ಮರೆಯುತ್ತೇವೆ. ಮುಂಬಯಿಯ ಕನ್ನಡ ಸಂಘಗಳನ್ನು ಕಟ್ಟಿದ ಕರಾವಳಿಯ ಬಹುಪಾಲು ಜನರ ಮನೆಮಾತು ತುಳು ಅಥವಾ ಕೊಂಕಣಿ. ಕನ್ನಡವನ್ನು ಅವರು ಶಾಲೆಯಲ್ಲಿ ಕಲಿತರು, ಯಕ್ಷಗಾನದ ಬಯಲಿನಲ್ಲಿ ಕಲಿತರು. ಕಲಿತ ಭಾಷೆಯಾದ್ದರಿಂದಲೇ ಅವರ ಮಾತು ಪುಸ್ತಕದ ಹಾಗಿರುತ್ತದೆ. ಬೆಂಗಳೂರಿನ ಸಿನಿಮಾಗಳು ದಶಕಗಳಿಂದ ‘ಮಂಗಳೂರು ಕನ್ನಡ’ವೆಂದು ಅಣಕಿಸುತ್ತ ಬಂದಿರುವುದು ಇದನ್ನೇ. ಆ ಸಿನಿಮಾ ನೋಡಿದಾಗ ನೊಂದುಕೊಳ್ಳುವ ನಾವು ನಮ್ಮ ಸಭೆಗಳಲ್ಲಿ ಮಾಡುವುದೇನು? ಧಾರವಾಡದವರು ಕುಂದಾಪುರದವರ ರಾಗಕ್ಕೆ ನಗುತ್ತಾರೆ. ಮೈಸೂರಿನವರು ಧಾರವಾಡದವರ ‘ಹೋಗಾಕತ್ತೀನಿ’ಗೆ ನಗುತ್ತಾರೆ. ಕರಾವಳಿಯವರು ಮೈಸೂರಿನವರು ನುಂಗಿದ ಹಕಾರವನ್ನು ಎಣಿಸುತ್ತ ಕೂರುತ್ತಾರೆ. ಈ ಮೂವರೂ ಸೇರಿ ಡೊಂಬಿವಲಿಯಲ್ಲಿ ಹುಟ್ಟಿದ ಮಗುವಿನ ಕನ್ನಡಕ್ಕೆ ನಗುತ್ತಾರೆ. ಕರ್ನಾಟಕದ ಏಕೀಕರಣವನ್ನು ನಾವು ನಗೆಯಲ್ಲಿ ಸಾಧಿಸಿದ್ದೇವೆ.

ನುಡಿಯ ಮೇಲಿನ ನಗೆ ನಿರುಪದ್ರವಿ ಎಂಬ ಮಾತನ್ನು ಬೇರೆ ಊರಿನವರು ಹೇಳಬಹುದು, ಮುಂಬಯಿಯವರು ಹೇಳಲಾಗದು. 1968ರ ‘ಪಡೋಸನ್’ ಚಿತ್ರದಲ್ಲಿ ಮೆಹಮೂದ್ ತಮಿಳು ಸಂಗೀತದ ಮೇಷ್ಟರಾಗಿ ಇಡೀ ದೇಶವನ್ನು ನಗಿಸಿದ ಕಾಲದಲ್ಲಿಯೇ ಈ ನಗರದಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ನಡೆದಿತ್ತು. ಅದಕ್ಕೆ ನೆಲ ಹದಮಾಡಿದ್ದು 1960ರಲ್ಲಿ ಆರಂಭವಾದ ‘ಮಾರ್ಮಿಕ್’ ಎಂಬ ವ್ಯಂಗ್ಯಚಿತ್ರ ವಾರಪತ್ರಿಕೆ. ಕಚೇರಿಗಳಲ್ಲಿದ್ದ ದಕ್ಷಿಣದವರ ಹೆಸರುಗಳ ಪಟ್ಟಿಗಳನ್ನು ಅದು ಪ್ರಕಟಿಸಿತು. 1966ರಲ್ಲಿ ಪಕ್ಷ ಹುಟ್ಟಿತು, ಲುಂಗಿಯನ್ನು ಹಾಸ್ಯ ಮಾಡುವ ಘೋಷಣೆ ಬೀದಿಗೆ ಬಂತು, ಉಡುಪಿ ಹೋಟೆಲುಗಳ ಮೇಲೆ ದಾಳಿಗಳಾದವು. ನಮ್ಮ ಭಾಷೆಗಳಿಗೆಲ್ಲ ಆಗ ಇದ್ದದ್ದು ಒಂದೇ ಹೆಸರು: ‘ಯಂಡುಗುಂಡು’. ನಗೆಯೇ ಕಲ್ಲಾಯಿತೆಂದು ನಾವು ಹೇಳುತ್ತಿಲ್ಲ. ನೌಕರಿಯ ಕೊರತೆ, ರಾಜಕೀಯದ ಲೆಕ್ಕಾಚಾರ, ಎಲ್ಲವೂ ಅದರಲ್ಲಿದ್ದವು. ಆದರೆ ಕಲ್ಲು ಬೀಳುವ ಮೊದಲು ನಗೆ ಬಂದಿತ್ತು, ಆ ನಗೆ ನಮ್ಮ ನಾಲಗೆಯ ಮೇಲಿತ್ತು. ಇದನ್ನು ಕಂಡುಂಡ ಹಿರಿಯರು ನಮ್ಮ ಕೂಟಗಳಲ್ಲಿ ಈಗಲೂ ಮುಂದಿನ ಸಾಲಿನಲ್ಲಿ ಕೂರುತ್ತಾರೆ.

ಹಾಗಾದರೆ ಭಾಷೆಯನ್ನು ಕುರಿತು ನಗಲೇಬಾರದೇ ಎಂಬ ಪ್ರಶ್ನೆ ಬರುತ್ತದೆ. ನಗಬೇಕು. ಶೆರಿಡನ್ನನ 1775ರ ‘ದಿ ರೈವಲ್ಸ್’ ನಾಟಕದ ಮಿಸೆಸ್ ಮ್ಯಾಲಪ್ರಾಪ್ ದೊಡ್ಡ ದೊಡ್ಡ ಪದಗಳನ್ನು ತಪ್ಪು ತಪ್ಪಾಗಿ ಬಳಸಿದಾಗ ನಾವು ನಗುತ್ತೇವೆ. ಆಕೆ ಪಾಂಡಿತ್ಯದ ಸೋಗು ಹಾಕಿದ್ದಾಳೆ. ಕೈಲಾಸಂ ಅವರ ಕನ್ನಡ–ಇಂಗ್ಲಿಷ್ ಕಲಬೆರಕೆಯ ಪಾತ್ರಗಳಿಗೂ, ‘ಬಂಡ್ವಾಳ್ವಿಲ್ಲದ ಬಡಾಯಿ’ಯ ಅಹೋಬ್ಲುವಿಗೂ ನಗುತ್ತೇವೆ, ಬಡಾಯಿಗೆ ಸಲ್ಲಬೇಕಾದ ನಗೆ ಅದು. ಬರುವುದಿಲ್ಲವೆಂದು ಒಪ್ಪಿಕೊಂಡು, ಕಲಿಯಲೆಂದು ಬಂದು, ಬಾಯಿ ತೆರೆದವರಿಗೆ ನಗುವುದು ಬೇರೆ ಮಾತು. ಮೊದಲನೆಯದು ಸೋಗನ್ನು ಇಳಿಸುತ್ತದೆ, ಎರಡನೆಯದು ಪ್ರಯತ್ನವನ್ನು ನಿಲ್ಲಿಸುತ್ತದೆ. ಈ ಎರಡರ ನಡುವಿನ ಗೆರೆ ಸಾಹಿತ್ಯಕೂಟದವರಿಗೂ ಕಾಣಿಸದಿದ್ದರೆ ಇನ್ನಾರಿಗೆ ಕಾಣಿಸೀತು?

ಗಂಟಲಿನಲ್ಲಿ ಸಿಕ್ಕಿಕೊಂಡದ್ದನ್ನು ಈಗ ಹೇಳಬೇಕು. ಎರಡು ವರ್ಷಗಳ ಹಿಂದೆ ಉಪನಗರದ ಒಂದು ಸಮಾರಂಭದಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ನಿರೂಪಣೆಗೆ ನಿಂತಿದ್ದಳು. ಓದುವುದು ಇಂಗ್ಲಿಷ್ ಮಾಧ್ಯಮದಲ್ಲಿ, ಗೆಳತಿಯರೊಡನೆ ಮರಾಠಿ, ಅಂಗಡಿಯಲ್ಲಿ ಹಿಂದಿ. ಕನ್ನಡ ಅಜ್ಜಿಯೊಡನೆ ಮಾತ್ರ. ತಾನೇ ಆಸೆಪಟ್ಟು, ದೇವನಾಗರಿಯಲ್ಲಿ ಬರೆದುಕೊಂಡು ಬಂದಿದ್ದಳು. ಮುಖ್ಯ ಅತಿಥಿಗಳನ್ನು ‘ಬರಮಾಡಿಕೊಳ್ಳುತ್ತೇವೆ’ ಎನ್ನಬೇಕಾದಲ್ಲಿ ‘ಬೀಳ್ಕೊಡುತ್ತೇವೆ’ ಎಂದಳು. ಸಭೆಗೆ ಸಭೆಯೇ ನಕ್ಕಿತು. ಅತಿಥಿಗಳು ಎದ್ದು ಹೊರಡುವವರಂತೆ ಅಭಿನಯಿಸಿದಾಗ ನಗೆ ಇಮ್ಮಡಿಯಾಯಿತು. ಸಭೆಯಲ್ಲಿ ನಾವಿದ್ದೆವು, ಮೊದಲು ನಕ್ಕವರಲ್ಲಿ ನಾವೂ ಒಬ್ಬರು. ಹುಡುಗಿ ಅಳಲಿಲ್ಲ. ಕಾರ್ಯಕ್ರಮವನ್ನು ಕೊನೆಯವರೆಗೂ ನಡೆಸಿಕೊಟ್ಟಳು. ಮರುವರ್ಷ ಕೇಳಿದಾಗ ಬರುವುದಿಲ್ಲವೆಂದಳು, ಮರಾಠಿಯಲ್ಲಿ. ಅದರಲ್ಲಿ ವ್ಯಾಕರಣದ ತಪ್ಪಿರಲಿಲ್ಲ.

ನಾವು ತೀರ್ಪು ಕೊಡಲು ಯೋಗ್ಯರೇ ಎಂಬುದಕ್ಕೂ ಉತ್ತರ ಹೇಳಿಬಿಡುತ್ತೇವೆ. ಶಾಲೆಯಲ್ಲಿ ಸಂಸ್ಕೃತ, ಇಂಗ್ಲಿಷ್, ಕನ್ನಡ ಓದಿ ಹಿಂದಿಯನ್ನು ತಪ್ಪಿಸಿಕೊಂಡಿದ್ದ ನಾವು ಕೇಂದ್ರ ಸರ್ಕಾರದ ನೌಕರಿಗೆ ಸೇರಿದ ಮೇಲೆ ಪ್ರಬೋಧ, ಪ್ರವೀಣ, ಪ್ರಾಜ್ಞ ಎಂಬ ಹಿಂದಿ ತರಗತಿಗಳಲ್ಲಿ ಕೂರಬೇಕಾಯಿತು. ಪಕ್ಕದಲ್ಲಿ ಮಲಯಾಳಿ, ಹಿಂದೆ ತಮಿಳರು, ಮುಂದೆ ಮಣಿಪುರದವರು. ನಿರ್ಜೀವ ವಸ್ತುಗಳಿಗೆಲ್ಲ ನಪುಂಸಕಲಿಂಗವನ್ನು ಹಂಚಿ ನಿಶ್ಚಿಂತೆಯಿಂದಿದ್ದ ಕನ್ನಡದ ಬುದ್ಧಿಗೆ ಮೇಜು ಸ್ತ್ರೀಲಿಂಗ, ಮೊಸರು ಪುಲ್ಲಿಂಗ, ಪೊಲೀಸು ಸ್ತ್ರೀಲಿಂಗ, ಆತನ ಮೀಸೆಯೂ ಸ್ತ್ರೀಲಿಂಗ ಎಂಬುದು ಹೇಗೆ ಹತ್ತೀತು? ದಿನಕ್ಕೆ ಹತ್ತು ತಪ್ಪು ಮಾಡಿದೆವು. ಅಧ್ಯಾಪಕಿ ನಗಲಿಲ್ಲ, ನಮ್ಮ ವಾಕ್ಯವನ್ನೇ ಸರಿಪಡಿಸಿ ತಾವೊಮ್ಮೆ ಹೇಳಿ ಮುಂದೆ ಸಾಗುತ್ತಿದ್ದರು. ಪರೀಕ್ಷೆ ಪಾಸಾಯಿತು, ನಿಯಮದಂತೆ ಹನ್ನೆರಡು ತಿಂಗಳು ಒಂದು ವೇತನ ಬಡ್ತಿಯಷ್ಟು ಹೆಚ್ಚಿನ ಹಣವೂ ಬಂತು. ಹಿಂದಿಯ ತಪ್ಪುಗಳಿಗೆ ಸರ್ಕಾರ ತೋರಿದ ತಾಳ್ಮೆಯನ್ನು, ಕೊಟ್ಟ ಬಹುಮಾನವನ್ನು, ಕನ್ನಡದ ತಪ್ಪುಗಳಿಗೆ ಕನ್ನಡ ಸಂಘಗಳು ತೋರಲಾರವೇ?

ಆ ಧಾರಾವಾಹಿಗೂ ನ್ಯಾಯ ಸಲ್ಲಬೇಕು. ಪಂಜಾಬಿ ರಂಜಿತನಾದ ಆಲ್ಬರ್ಟ್ ಮೋಸೆಸ್ ಶ್ರೀಲಂಕೆಯಲ್ಲಿ ಹುಟ್ಟಿದವರು, ಅಲಿಯಾದ ದೀನೋ ಶಫೀಕ್ ಢಾಕಾದಲ್ಲಿ, ಜಮೀಲಾಳಾದ ಜಮೀಲಾ ಮೆಸ್ಸಿ ಸಿಮ್ಲಾದಲ್ಲಿ. ಚೆನ್ನಾಗಿ ಇಂಗ್ಲಿಷ್ ಬಲ್ಲ ಈ ಕಲಾವಿದರು ಹೊಟ್ಟೆಪಾಡಿಗಾಗಿ ಹರಕು ಇಂಗ್ಲಿಷ್ ಆಡಿದರು. ಪಾತ್ರಗಳನ್ನು ಅಚ್ಚಿನಲ್ಲಿ ಎರಕ ಹೊಯ್ಯಲಾಗಿದೆ ಎಂಬ ಆಕ್ಷೇಪವೂ ನಿಜವೇ. ಹೀಗಿದ್ದರೂ ಆ ತರಗತಿಯಲ್ಲಿ ಒಂದು ಸಂಗತಿ ಇದೆ, ನಮ್ಮ ಕಾಫಿ ಚರ್ಚೆಯಲ್ಲಿ ಯಾರೂ ಅದನ್ನು ಹೆಸರಿಸಲಿಲ್ಲ. ಬ್ರೌನ್ ಮೇಷ್ಟರು ತಲೆ ಚಚ್ಚಿಕೊಳ್ಳುತ್ತಾರೆ, ತಿದ್ದುತ್ತಾರೆ, ಮತ್ತೆ ಹೇಳಿಸುತ್ತಾರೆ. ನಗುವ ಕೆಲಸವನ್ನು ನೋಡುವವರಿಗೆ ಬಿಟ್ಟಿದ್ದಾರೆ. ಇಟಲಿಯವ ಸ್ಪೇನಿನವನೊಡನೆ, ಜಪಾನಿನವ ಚೀನೆಯವಳೊಡನೆ ಹರಕು ಇಂಗ್ಲಿಷಿನಲ್ಲಿಯೇ ಜಗಳವಾಡುತ್ತಾರೆ, ರಾಜಿಯಾಗುತ್ತಾರೆ. ಮುಂದಿನ ಕಂತಿನಲ್ಲಿ ಎಲ್ಲರೂ ಮತ್ತೆ ಬರುತ್ತಾರೆ. ನಮ್ಮ ಹುಡುಗಿ ಬರಲಿಲ್ಲ.

ಮುಂಬಯಿಯಲ್ಲಿ ಕನ್ನಡದ ಭವಿಷ್ಯವನ್ನು ಕುರಿತು ನಾವು ವರ್ಷಕ್ಕೆ ನಾಲ್ಕು ವಿಚಾರಸಂಕಿರಣ ನಡೆಸುತ್ತೇವೆ. ಮರಾಠಿಯನ್ನು ದೂರುತ್ತೇವೆ, ಹಿಂದಿಯನ್ನು ದೂರುತ್ತೇವೆ, ಇಂಗ್ಲಿಷ್ ಶಾಲೆಗಳನ್ನು ದೂರುತ್ತೇವೆ, ಕರ್ನಾಟಕ ಸರ್ಕಾರದ ಅನುದಾನವನ್ನು ದೂರುತ್ತೇವೆ. ಸಭಾಗೃಹದೊಳಗೆ ನಾವೇ ಹುಟ್ಟಿಸಿದ ನಾಚಿಕೆಯನ್ನು ಯಾವ ಗೋಷ್ಠಿಯೂ ಚರ್ಚಿಸಿಲ್ಲ. ಮಕ್ಕಳು ಕನ್ನಡ ಮಾತನಾಡುವುದಿಲ್ಲ ಎಂಬ ದೂರಿನ ಜೊತೆಗೆ, ಮಾತನಾಡಿದಾಗ ನಾವೇನು ಮಾಡಿದೆವು ಎಂಬ ಲೆಕ್ಕವನ್ನೂ ಒಪ್ಪಿಸಬೇಕಾಗುತ್ತದೆ.

ಆದ್ದರಿಂದ ಕೂಟದ ಮುಂದೆ ಮೂರು ಬೇಡಿಕೆಗಳನ್ನು ಇಡುತ್ತಿದ್ದೇವೆ. ಒಂದು, ‘ಶುದ್ಧ ಕನ್ನಡ ಭಾಷಣ ಸ್ಪರ್ಧೆ’ಯನ್ನು ಒಂದು ವರ್ಷ ನಿಲ್ಲಿಸಿ, ಆ ಬಹುಮಾನದ ಹಣವನ್ನು ಮೊದಲ ಬಾರಿಗೆ ವೇದಿಕೆ ಏರಿ ಐದು ನಿಮಿಷ ಕನ್ನಡ ಮಾತನಾಡಿದ ಎಲ್ಲರಿಗೂ ಹಂಚಬೇಕು. ಎರಡು, ತಪ್ಪನ್ನು ತಿದ್ದುವವರು ಸಭೆ ಮುಗಿದ ಮೇಲೆ, ಒಬ್ಬರೇ ಇರುವಾಗ, ಸರಿಯಾದ ವಾಕ್ಯವನ್ನು ತಾವು ಹೇಳಿ ತಿದ್ದಬೇಕು. ಮೂರು, ನಿರೂಪಣೆಯನ್ನು ವರ್ಷವಿಡೀ ಇಲ್ಲಿ ಹುಟ್ಟಿದವರಿಗೇ ಕೊಡಬೇಕು. ದೇವನಾಗರಿಯಲ್ಲಾಗಲಿ ರೋಮನ್ ಲಿಪಿಯಲ್ಲಾಗಲಿ ಬರೆದುಕೊಂಡು ಬರಲಿ. ಹುಡುಗಿಯ ಮನೆಗೆ ನಾವು ಮುಂದಿನ ಭಾನುವಾರ ಹೋಗುವವರಿದ್ದೇವೆ. ಆಕೆ ಒಪ್ಪಿದರೆ, ಅತಿಥಿಗಳನ್ನು ಮತ್ತೊಮ್ಮೆ ಬೀಳ್ಕೊಟ್ಟರೂ ಸರಿಯೇ, ನಾವು ಎದುರಿನ ಸಾಲಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತೇವೆ.